ಲೌಂಜಿನ ಸುಖ ಯಾರಿಗೆ?

2014ರಲ್ಲಿ ಶುರುವಾದ ದೋಹಾದ ಹಮದ್ ವಿಮಾನ ನಿಲ್ದಾಣದ ಅಲ್ ಮುರ್ಜಾನ್ ಬಿಸಿನೆಸ್ ಲೌಂಜ್ ಸುಮಾರು 10,000 ಚದರ ಮೀಟರಿನದು. ಒಳಗೆ ನೀರಿನ ಕೊಳ, ಬಗೆಬಗೆಯ ಊಟ, ಸ್ನಾನದ ಕೋಣೆ. ದುಬೈ 3ನೇ ಟರ್ಮಿನಲ್‌ನ ‘ಎ’ ವಿಭಾಗದಲ್ಲಿ ಲೌಂಜಿನಿಂದಲೇ ನೇರ ಎ380 ವಿಮಾನ ಹತ್ತಬಹುದು. ವೈಭವದಲ್ಲಿ ಒಂದಕ್ಕಿಂತ ಒಂದು ಕಮ್ಮಿಯಿಲ್ಲ.

ಆದರೆ ಕಾಸರಗೋಡಿನಿಂದ ಗಲ್ಫಿಗೆ ದುಡಿಯಲು ಹೋಗುವ ಹೆಚ್ಚಿನವರ ಕೈಲಿರೋದು ಇಕಾನಮಿ ಟಿಕೆಟ್. ಅವರಿಗೆ ಆ ಬಾಗಿಲು ದೂರ. ಹಮದ್‌ನಲ್ಲಿ ಎಲ್ಲರಿಗೂ ಉಚಿತವಾಗಿರುವ ನಿಶ್ಶಬ್ದ ಕೊಠಡಿ, ಒರಗು ಕುರ್ಚಿಗಳೇ ಅವರಿಗೆ ಲೌಂಜು. ಸಿಂಗಪುರದ ಚಾಂಗಿಯಲ್ಲೂ ಇಂಥ ವ್ಯವಸ್ಥೆಯುಂಟು. ನಿಲ್ದಾಣದ ದೊಡ್ಡತನ ಅಳೆಯಬೇಕಾದ್ದು ಇದರಲ್ಲೇ.

ಮಂಗಳೂರು, ಕಣ್ಣೂರು ನಿಲ್ದಾಣದವರು ಲೌಂಜಿನ ಅಂದ ಹೆಚ್ಚಿಸುವ ಮೊದಲು, ರಾತ್ರಿ ವಿಮಾನಕ್ಕೆ ಮಗುವನ್ನು ಮಡಿಲಲ್ಲಿಟ್ಟು ಕಾಯುವ ತಾಯಿಯ ಕಾಲು ಚಾಚಲು ಜಾಗ ನೋಡಲಿ.