ಹಂಡೆ ಚಂದ, ತುಂಬಿಸಿದವರು ಯಾರು?

ರಾಜ್ಯೋತ್ಸವ ಬಂತಂದ್ರೆ ಕಾಲೇಜು ವೇದಿಕೆಗಳ ಮೇಲೆ ತಾಮ್ರದ ಹಂಡೆಗೂ ಒಂದು ಜಾಗ ಇರುತ್ತೆ. ಒಳಗೆ ಹೂವು, ಪಕ್ಕದಲ್ಲಿ ಸೆಲ್ಫಿ, ಕೆಳಗೆ ‘ನಮ್ಮ ಸಂಸ್ಕೃತಿ’ ಅನ್ನೋ ಕ್ಯಾಪ್ಶನ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಗೀಸರ್ ನೀರಲ್ಲಿ ಬೆಳೆದ ನಮ್ಮಂಥವರಿಗೆ ಹಂಡೆ ಪರಿಚಯ ಆಗೋದೇ ಹೀಗೆ. ಹೂವಿನ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಇದು ಅರ್ಧ ಕಥೆ ಮಾತ್ರ.

ಹೊನ್ನಾಳಿ ಕಡೆಯ ಹಳೇ ಮನೆಗಳ ಬಚ್ಚಲಲ್ಲಿ ಇರ್ತಿದ್ದ ಸಾಮಾನು ಇಷ್ಟೇ: ಒಲೆ ಮೇಲೆ ಕೂರಿಸಿದ ಹಂಡೆ, ಕೂತು ಮೀಯೋಕೆ ಮಣೆ ಇಲ್ಲಾ ಕಲ್ಲು, ಒಂದು ತಂಬಿಗೆ. ಉರಿಗೆ ತೆಂಗಿನ ಗರಿ, ಅಡಿಕೆ ಸಿಪ್ಪೆ, ಮೆಕ್ಕೆಜೋಳದ ಬೆಂಡು. ತೋಟ-ಹೊಲದ ಕಸದಲ್ಲೇ ಇಡೀ ಮನೆಗೆ ಬಿಸಿನೀರು. ಡಿಸೈನ್ ಅಂತ ನೋಡಿದ್ರೆ ಫುಲ್ ಮಾರ್ಕ್ಸ್ ಕೊಡಬಹುದು.

ಇದೇ ಥರದ ಕಥೆ ಇಂಗ್ಲೆಂಡಿನಲ್ಲೂ ಇದೆ. 18ನೇ ಶತಮಾನದಲ್ಲಿ ಅಲ್ಲಿನ ಉಳ್ಳವರ ಮಲಗುವ ಕೋಣೆಗೆ ‘ವಾಶ್‌ಸ್ಟ್ಯಾಂಡ್’ ಅನ್ನೋ ಮರದ ಮೇಜು ಬಂತು. ಅದರ ಮೇಲೆ ಪಿಂಗಾಣಿ ಬೋಗುಣಿ, ನೀರಿನ ಹೂಜಿ. 19ನೇ ಶತಮಾನದಲ್ಲಿ ಅದಕ್ಕೆ ಅಮೃತಶಿಲೆಯ ಹಾಸೂ ಸೇರಿತು. ಆದರೆ ಬೆಳಗ್ಗೆ ಬಿಸಿನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದವಳು ಕೆಲಸದ ಹುಡುಗಿ. ಮನೆಯೊಳಗೆ ನಲ್ಲಿ ಬಂತು, ವಾಶ್‌ಸ್ಟ್ಯಾಂಡ್ ಹಳೇ ಸಾಮಾನಿನ ಅಂಗಡಿ ಸೇರಿತು. ಈಗ ಅದರ ಕೆತ್ತನೆ ನೋಡೋರು ಬಹಳ, ಹುಡುಗಿಯ ನೆನಪು ಯಾರಿಗೂ ಇಲ್ಲ.

ನಮ್ಮ ಕಡೆಗೇ ಬರೋಣ. ಹೊನ್ನಾಳಿ ಪಕ್ಕದಲ್ಲೇ ತುಂಗಭದ್ರೆ ಹರೀತಾಳೆ. ಹಾಗಂತ ಹೊಳೆ ತಾನಾಗಿ ಬಚ್ಚಲಿಗೆ ಬರಲಿಲ್ಲ. ಒಂದು ಲೆಕ್ಕ ಹಾಕೋಣ. ಮನೆಯಲ್ಲಿ ಆರು ಜನ, ತಲೆಗೆ 20 ಲೀಟರ್ ಅಂದ್ರೆ 120 ಲೀಟರ್, ಅಂದರೆ 120 ಕೆ.ಜಿ. 15 ಲೀಟರಿನ ಕೊಡದಲ್ಲಿ ಎಂಟು ಸಲ ಹೊರಬೇಕು. ಇದು ಸ್ನಾನಕ್ಕೆ ಮಾತ್ರ. ಅಡುಗೆ, ಪಾತ್ರೆ, ದನಕರು ಬೇರೆ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 40ಕ್ಕೆ ಏರಿಸೋಕೆ ಸುಮಾರು 0.35 ಯೂನಿಟ್ ಶಾಖ ಸಾಕು ಅಂತ ನಾವು ಎರಡು ನಿಮಿಷದಲ್ಲಿ ಹೇಳ್ತೀವಿ. ಆ ನೀರು ಹಂಡೆ ತನಕ ಯಾರ ಸೊಂಟದ ಮೇಲೆ ಬಂತು ಅನ್ನೋ ಪ್ರಶ್ನೆ ನಮ್ಮ ಸಿಲೆಬಸ್ಸಲ್ಲಿಲ್ಲ.

ದೀಪಾವಳಿಯಲ್ಲಿ ‘ನೀರು ತುಂಬುವ ಹಬ್ಬ’ ಅಂತ ಒಂದು ದಿನವೇ ಇದೆ. ಹಂಡೆ ಬೆಳಗಿ, ಸುಣ್ಣ-ಕೆಮ್ಮಣ್ಣು ಬಳಿದು, ಬಳ್ಳಿ ಕಟ್ಟಿ ಪೂಜೆ ಮಾಡ್ತಾರೆ. ಹಬ್ಬ ಇರೋದು ಒಂದು ದಿನ. ಉಳಿದ 364 ದಿನ ನೀರು ತುಂಬಿದ್ದು ಹೆಚ್ಚಾಗಿ ಮನೆಯ ಹೆಂಗಸರು. ಹೊಗೆ ಕುಡಿದವರೂ ಅವರೇ, ಕಡೆಗೆ ಸ್ನಾನ ಮಾಡಿದವರೂ ಅವರೇ.

‘ಗೀಸರ್ ಬಂದು ಎಲ್ಲಾ ಹಾಳಾಯ್ತು’ ಅನ್ನೋ ಮಾತನ್ನು ನಾವು ಒಪ್ಪಲ್ಲ. ಹಂಡೆ ಮೂಲೆ ಸೇರಿದ್ದಕ್ಕೆ ಬೇಜಾರು ಮಾಡ್ಕೊಳ್ಳೋಣ, ಕೊಡ ಕೆಳಗಿಳಿದಿದ್ದಕ್ಕೆ ಖುಷಿನೂ ಪಡೋಣ. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಶುರುವಾಗಿದ್ದೇ 2019ರಲ್ಲಿ. ಅಂದ್ರೆ ಕೊಡದ ಕಥೆ ಅಷ್ಟೇನೂ ಹಳೇದಲ್ಲ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಹಂಡೆ ಫೋಟೋ ತೆಗೀರಿ, ಬೇಡ ಅನ್ನಲ್ಲ. ಜೊತೆಗೆ ಒಂದು ಮಾತು ಕೇಳಿ: ‘ಅಜ್ಜಿ, ದಿನಕ್ಕೆ ಎಷ್ಟು ಕೊಡ ಹೊರ್ತಿದ್ದೆ?’ ಉತ್ತರ ಬರ್ಕೊಂಡು ಬನ್ನಿ, ಮುಂದಿನ ಸಂಚಿಕೆಗೆ ಹಾಕೋಣ.