ಮರೆಯುವ ಹಿರಿಯರನ್ನು ಮರೆಯದಿರೋಣ



ಹೊಳಗುಂದದ ಓಣಿಯೊಂದರಲ್ಲಿ ಎಂಬತ್ತೈದು ದಾಟಿದ ತಾಯಿಯೊಬ್ಬರಿದ್ದಾರೆ. ನಿಮ್ಮದು ಯಾವ ಜಿಲ್ಲೆ ಎಂದು ಕೇಳಿದರೆ "ಬಳ್ಳಾರಿ ಜಿಲ್ಲೆ" ಎನ್ನುತ್ತಾರೆ. "ಕರ್ನೂಲು ಜಿಲ್ಲೆ ಅವ್ವಾ, ನಿನಗೆ ಎಷ್ಟು ಸಲ ಹೇಳಬೇಕು?" ಎಂದು ಮಗ ರೇಗುತ್ತಾನೆ. ತಾಯಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ.

ಆಕೆ ಹೇಳಿದ್ದು ಸುಳ್ಳಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದವು. ಆಕೆಯ ಬಾಲ್ಯದ ಊರು ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಹಳೆಯದು ಉಳಿದು ಹೊಸದು ಅಳಿಸಿಹೋಗುವುದು ಈ ಕಾಯಿಲೆಯ ರೀತಿ. ಮುಂಜಾನೆ ಉಂಡದ್ದು ನೆನಪಿಲ್ಲ, ಮದುವೆಯ ದಿನ ನೆನಪಿದೆ.

ಅರವತ್ತಕ್ಕೆ ಅರಳುಮರಳು ಎಂದು ನಾವು ನಗುತ್ತೇವೆ. ಗಾಳಿ ಸೋಕಿದೆ ಎಂದು ಕೆಲವರು ತಾಯಿತ ಕಟ್ಟಿಸುತ್ತಾರೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಮಿದುಳಿನ ಜೀವಕೋಶಗಳು ಮೆಲ್ಲಮೆಲ್ಲನೆ ನಾಶವಾಗುವುದರಿಂದ ಬರುವ ಕಾಯಿಲೆ ಇದು. ಹಟವೂ ಅಲ್ಲ, ಪಾಪದ ಫಲವೂ ಅಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದಂತೆ, ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಉಂಟು. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಆದರೆ ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸು ಕುಗ್ಗುವ ಕಾಯಿಲೆ, ಇವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಔಷಧವಿದೆ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಬೇಕು. ಒಂದೆರಡು ದಿನದಲ್ಲೇ ಗಲಿಬಿಲಿಯಾದರೆ ಸೋಂಕು ಮುಂತಾದ ಬೇರೆ ಕಾರಣವಿರಬಹುದು; ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಮುಖ್ಯ ಮಾತಿಗೆ ಬರೋಣ. ಆದೋನಿ, ಹೊಳಗುಂದದ ಕಡೆ ಮಳೆ ಕೈಕೊಟ್ಟರೆ ಜನ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಮರೆವಿನ ಅಜ್ಜಿಯನ್ನು ಹತ್ತು ವರ್ಷದ ಮೊಮ್ಮಗಳು ಶಾಲೆ ಬಿಟ್ಟು ಕಾಯಬೇಕು. ತೋಟದ ಲೈನ್ ಮನೆಗಳಲ್ಲಿರುವ ನಮ್ಮ ಪಾಡೂ ಬೇರೆಯಲ್ಲ. ಊರಲ್ಲಿ ಬಿಟ್ಟರೆ ನೋಡುವವರಿಲ್ಲ. ಲೈನಿಗೆ ಕರೆತಂದರೆ ಹೊಸ ಜಾಗದಲ್ಲಿ ಅವರ ಗಲಿಬಿಲಿ ಹೆಚ್ಚುತ್ತದೆ. ಸುತ್ತ ಕೆರೆ, ಇಳಿಜಾರು, ಗಿಡಕ್ಕೆ ಹೊಡೆಯುವ ಔಷಧದ ಡಬ್ಬಿ. ಕೊನೆಗೆ ಸೊಸೆಯೋ ಮಗಳೋ ಹಾಜರಿ ಕಳೆದುಕೊಂಡು ಮನೆಯಲ್ಲಿ ಉಳಿಯುತ್ತಾಳೆ. ಸಂಜೆ ಬಂದ ಗಂಡಸರು "ಮನೆಯಲ್ಲೇ ಇದ್ದೀಯಲ್ಲ, ನಿನಗೇನು ಕೆಲಸ?" ಎನ್ನುತ್ತೇವೆ.

ಎಂಟು ಗಂಟೆಯ ಕೆಲಸ ನಮ್ಮ ಹಕ್ಕೆಂದು ಕೂಗಿದ ನಾವು, ಇಪ್ಪತ್ತನಾಲ್ಕು ಗಂಟೆಯ ಈ ಕೆಲಸವನ್ನು ಒಬ್ಬ ಹೆಣ್ಣುಮಗಳ ಮೇಲೆ ಹೊರಿಸುವುದು ನ್ಯಾಯವೇ? ಹಿರಿಯರ ಆರೈಕೆಯೂ ದುಡಿಮೆಯೇ. ಕೆಲಸಕ್ಕೆ ಹೊರಡುವ ಮುನ್ನ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡಿ ಕುಳಿತು, ಉಳಿಯುವವರು ಯಾರು, ಅವರು ಕಳೆದುಕೊಳ್ಳುವ ಕೂಲಿಗೆ ಯಾರ ಪಾಲು ಎಷ್ಟು ಎಂದು ತೀರ್ಮಾನಿಸಲಿ. ಹೆತ್ತವರ ಪೋಷಣೆ ಗಂಡುಮಕ್ಕಳು, ಹೆಣ್ಣುಮಕ್ಕಳು ಇಬ್ಬರ ಹೊಣೆಯೂ ಹೌದೆಂದು 2007ರ ಕಾಯಿದೆ ಹೇಳುತ್ತದೆ. ನೆರೆಯವರು ದಿನಕ್ಕೆ ಒಂದು ಗಂಟೆ ಕುಳಿತರೂ ಆ ಹೆಣ್ಣುಮಗಳು ಮಲಗಿ ಎದ್ದಾಳು. ಇಂಥ ಮನೆಗಳ ಪಟ್ಟಿ ಪ್ರತಿ ಲೈನಿನ ಸಂಘದವರ ಬಳಿ ಇರಲಿ.

ಆರೈಕೆಯಲ್ಲಿ ಕೆಲವು ಮಾತು ನೆನಪಿರಲಿ. ವಾದ ಬೇಡ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಕಟ್ಟಿಹಾಕಬೇಡಿ. ಮನೆಯ ಫೋನ್ ನಂಬರಿನ ಚೀಟಿಯನ್ನು ಬಟ್ಟೆಗೆ ಹೊಲಿಯಿರಿ. ರಾತ್ರಿ ಸಣ್ಣ ದೀಪ ಉರಿಯಲಿ. ವಿಷದ ಡಬ್ಬಿಗೆ ಬೀಗ ಹಾಕಿ. ಹಿರಿಯರ ಸಹಾಯವಾಣಿ 14567, ಮನಸ್ಸಿನ ಆರೋಗ್ಯಕ್ಕೆ 14416, ಕರೆಗೆ ಹಣವಿಲ್ಲ. ನೋಡಿಕೊಳ್ಳುವವರು ಬಳಲಿದಾಗಲೂ ಕರೆಮಾಡಬಹುದು.

ತಂದೆತಾಯಿಗಳನ್ನು ಗೌರವಿಸಬೇಕೆಂಬ ದೇವರಾಜ್ಞೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅವರು ನಮ್ಮ ಗುರುತು ಹಿಡಿಯುವವರೆಗೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ. ಆ ತಾಯಿ ಮತ್ತೆ ಬಳ್ಳಾರಿ ಜಿಲ್ಲೆ ಎಂದಾಗ ಮಗ "ಹೌದವ್ವಾ, ಆಗ ಊರು ಹೇಗಿತ್ತು?" ಎಂದು ಪಕ್ಕದಲ್ಲಿ ಕುಳಿತರೆ ಸಾಕು, ಅಂದಿನ ಆರೈಕೆ ಅಲ್ಲಿಂದ ಶುರುವಾಗುತ್ತದೆ.