ಕ್ಯಾಮೆರಾ ಆಮೇಲೆ, ಮೊದಲು ಮೈಕು



ನಮ್ಮ ಯುವಕ ಸಂಘಗಳಲ್ಲಿ ಸಣ್ಣ ವಿಡಿಯೊ ಕ್ಯಾಮೆರಾ ಬಂತೆಂದರೆ ಮರುದಿನವೇ ಚರ್ಚೆ ಶುರು: ಅದಕ್ಕೆ ಯಾವ ಮೈಕು ಹಾಕೋಣ? ಒಬ್ಬರಿಗೆ ಕ್ಯಾಮೆರಾದ ತಲೆಯ ಮೇಲೆ ಕೂರುವ ಗನ್ ಮೈಕು ಬೇಕು, ಇನ್ನೊಬ್ಬರಿಗೆ ವೈರ್‌ಲೆಸ್. ನನ್ನ ಅಭಿಪ್ರಾಯ ಬೇರೆ. ಸಾಂಗ್ಲಿ, ಮಿರಜದ ಸಣ್ಣ ಗುಂಪುಗಳು ಮೊದಲು ಕೊಳ್ಳಬೇಕಾದದ್ದು ಉದ್ದ ವೈರಿನ ಸಾದಾ ಕಾಲರ್ ಮೈಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾವು ಗಡಿಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅಥಣಿ, ಜತ್ತ, ಜಮಖಂಡಿ ಕಡೆಯ ಮಾತನ್ನು ಬಾಯಲ್ಲಿ ಉಳಿಸಿಕೊಂಡ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಅವರ ಪ್ರಾರ್ಥನೆ, ಸೋಬಾನೆ ಪದ, ಊರು ಬಿಟ್ಟು ಬಂದ ಕಥೆ ಯಾವ ಪುಸ್ತಕದಲ್ಲೂ ಇಲ್ಲ. ಚಿತ್ರ ಮಸುಕಾದರೂ ಅಜ್ಜಿಯ ಮುಖ ಗುರುತು ಸಿಗುತ್ತದೆ. ಮಾತು ಮಸುಕಾದರೆ ಉಳಿಯುವುದು ಬರೀ ತುಟಿಯ ಅಲುಗಾಟ.

ಮಿರಜದವರಿಗೆ ಧ್ವನಿಯ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಇಲ್ಲಿಯ ಖ್ವಾಜಾ ಶಮನಾ ಮೀರಾ ದರ್ಗಾದ ಆವರಣದಲ್ಲಿ ಅವರ ಸಮಾಧಿ ಇದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ಅವರೇ ಗುರು. ನಾವ್ಯಾರೂ ಅವರನ್ನು ಕಂಡವರಲ್ಲ, ಆದರೆ ಅವರ ಹಾಡು ಇಂದಿಗೂ ಕೇಳುತ್ತೇವೆ. ಯಾರೋ ಅವರ ಧ್ವನಿಯನ್ನು ಹತ್ತಿರದಿಂದ ಹಿಡಿದು ಮುದ್ರಿಸಿಟ್ಟರು, ಅದಕ್ಕೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನ ಎಳೆ ಇಡುತ್ತಾರೆ. ಅದು ಕೂದಲಿನಷ್ಟು ಸರಿದರೂ ನಾದ ಬದಲಾಗುತ್ತದೆ. ಮೈಕಿನ ಕಥೆಯೂ ಹಾಗೆಯೇ: ಯಾವ ಕಂಪನಿಯದು ಎನ್ನುವುದಕ್ಕಿಂತ ಎಲ್ಲಿ ಇಟ್ಟಿದ್ದೀರಿ ಎನ್ನುವುದು ಮುಖ್ಯ.

ಲೆಕ್ಕ ನೋಡಿ. ಮೈಕನ್ನು ಎರಡು ಮೀಟರ್ ದೂರದಿಂದ 20 ಸೆಂ.ಮೀ.ಗೆ ತಂದರೆ ಬಾಯಿಂದ ನೇರ ಬರುವ ಧ್ವನಿ ಸುಮಾರು 20 ಡೆಸಿಬೆಲ್ ಏರುತ್ತದೆ. ಫ್ಯಾನಿನ ಗಾಳಿ, ಬೀದಿಯ ಕಬ್ಬಿನ ಟ್ರ್ಯಾಕ್ಟರು, ಜಂಕ್ಷನ್ನಿನ ರೈಲಿನ ಸಿಳ್ಳೆ ಮಾತ್ರ ಇದ್ದಷ್ಟೇ ಇರುತ್ತವೆ. ಎಷ್ಟು ದುಬಾರಿ ಕ್ಯಾಮೆರಾ ತಂದರೂ ಅದರೊಳಗಿನ ಮೈಕು ಅಷ್ಟು ಹತ್ತಿರ ಹೋಗಲಾರದು.

ಗನ್ ಮೈಕು ಕೆಟ್ಟದ್ದಲ್ಲ. ಬಯಲಿನಲ್ಲಿ, ಮೆರವಣಿಗೆಯಲ್ಲಿ, ಮೇಲೊಂದು ತುಪ್ಪಳದ ಟೊಪ್ಪಿಗೆ ಹಾಕಿದರೆ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಅದು ದೂರದ ಧ್ವನಿಯನ್ನು ಎಳೆದು ತರುವುದಿಲ್ಲ, ಪಕ್ಕದ ಸದ್ದನ್ನು ಕಡಿಮೆ ಮಾಡುತ್ತದೆ, ಅಷ್ಟೇ. ತಗಡಿನ ಚಾವಣಿಯ ಹಾಲಿನಲ್ಲಿ, ಫರಸಿ ಹಾಕಿದ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ಎಲ್ಲ ಕಡೆಯಿಂದಲೂ ಬರುತ್ತದೆ. ಅಲ್ಲಿ ಅದರ ಆಟ ನಡೆಯದು. ವೈರ್‌ಲೆಸ್ ಅನುಕೂಲ ನಿಜ. ಆದರೆ ಅಗ್ಗದವು ಬಹುತೇಕ 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತವೆ, ವೈಫೈ ಮತ್ತು ಬ್ಲೂಟೂತ್ ಕೂಡ ಅದೇ ದಾರಿಯಲ್ಲಿವೆ. ಜನ ತುಂಬಿದ ಕಡೆ ನಡುವೆ ಮಾತು ತುಂಡಾಗಬಹುದು, ಚಾರ್ಜ್ ಬೇರೆ ನೋಡಿಕೊಳ್ಳಬೇಕು.

ವೈರಿನ ಕಾಲರ್ ಮೈಕಿಗೆ ಈ ತಾಪತ್ರಯ ಇಲ್ಲ. ಉದಾಹರಣೆಗೆ ಬೋಯಾ ಬಿವೈ-ಎಂ1: 6 ಮೀಟರ್ ವೈರು, ಒಂದು ಗುಂಡಿ ಸೆಲ್ಲು, ಬೆಲೆ ಸಾವಿರ ರೂಪಾಯಿ ಆಸುಪಾಸು. ವೈರು ಚಿತ್ರದಲ್ಲಿ ಕಾಣುತ್ತದೆ ಎನ್ನುವವರಿದ್ದಾರೆ. ಅಜ್ಜಿಯ ಸೆರಗಿನ ಒಳಗಿಂದ ತಂದರೆ ಕಾಣುವುದಿಲ್ಲ. ಕಂಡರೂ ಏನೂ ನಷ್ಟವಿಲ್ಲ.

ಕೊಳ್ಳುವ ಮುನ್ನ ಕ್ಯಾಮೆರಾದಲ್ಲಿ ಮೈಕಿನ ತೂತು ಇದೆಯೇ ನೋಡಿ. ಸಣ್ಣ ಕ್ಯಾಮೆರಾ ಎಷ್ಟೋ ಅದಿಲ್ಲದೆ ಬರುತ್ತವೆ. ಫೋನಿನ ಪಿನ್ನಿಗೆ ಮೂರು ಕಪ್ಪು ಗೆರೆ, ಕ್ಯಾಮೆರಾ ಪಿನ್ನಿಗೆ ಎರಡು. ಎಲ್ಲ ಮೈಕೂ ಎರಡಕ್ಕೂ ಹೊಂದುವುದಿಲ್ಲ, ಕೇಳಿ ತನ್ನಿ. ತೂತೇ ಇಲ್ಲದಿದ್ದರೆ ಮೈಕನ್ನು ಫೋನಿಗೆ ಹಾಕಿ ಧ್ವನಿಯನ್ನು ಬೇರೆ ಮುದ್ರಿಸಿ. ಮೊದಲಿಗೆ ಒಮ್ಮೆ ಚಪ್ಪಾಳೆ ತಟ್ಟಿದರೆ ಎಡಿಟಿಂಗ್‌ನಲ್ಲಿ ಎರಡನ್ನೂ ಕೂಡಿಸುವುದು ಸುಲಭ. ಕ್ಯಾಮೆರಾದಲ್ಲಿ ಸೌಲಭ್ಯವಿದ್ದರೆ ಆಟೊ ಲೆವೆಲ್ ಬಂದ್ ಮಾಡಿ. ಇಲ್ಲದಿದ್ದರೆ ಅಜ್ಜ ಮಾತು ನಿಲ್ಲಿಸಿ ಯೋಚಿಸುವಾಗೆಲ್ಲ ಫ್ಯಾನಿನ ಸದ್ದು ಉಬ್ಬಿ ಬರುತ್ತದೆ. ಫ್ಯಾನನ್ನೂ ಆರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಒಂದು ನಿಮಿಷ ಪರೀಕ್ಷೆ ಮಾಡಿ.

ಗಾಯನ ವೃಂದಕ್ಕೆ ಕಾಲರ್ ಮೈಕು ಸಾಲದು, ಒಪ್ಪುತ್ತೇನೆ. ಅದಕ್ಕೆ ಮುಂದೆ ಬೇರೆ ಕೊಳ್ಳೋಣ. ಹಾಡನ್ನು ಮುಂದಿನ ಹಬ್ಬದಲ್ಲೂ ಹಾಡುತ್ತಾರೆ, ಆಗ ಮತ್ತೆ ಮುದ್ರಿಸಬಹುದು. ತೊಂಬತ್ತರ ಅಜ್ಜನ ಮಾತಿಗೆ ಆ ಭರವಸೆ ಇಲ್ಲ.

ಆದ್ದರಿಂದ ಸಂಘದ ಮುಂದಿನ ಸಭೆಯಲ್ಲಿ ಕ್ಯಾಮೆರಾದ ಹಣದಿಂದ ಮೊದಲು ಒಂದು ಸಾವಿರ ತೆಗೆದಿಡಿ. ಮೈಕು ಬಂದ ವಾರವೇ ನಿಮ್ಮ ಓಣಿಯ ಅತ್ಯಂತ ಹಿರಿಯರ ಮನೆಗೆ ಹೋಗಿ, ಅನುಮತಿ ಕೇಳಿ, ಕಾಲರಿಗೆ ಸಿಕ್ಕಿಸಿ, ಸುಮ್ಮನೆ ಕೂತು ಕೇಳಿ.